‘ಹೆದರಬೇಡಿ’ ಎಂದು ಕಳಿಸಿದ ಗಡ್ಡೆ ಹನ್ನೊಂದು ತಿಂಗಳಿಗೆ ಮೂರನೇ ಹಂತದ ಕ್ಯಾನ್ಸರ್: ಪರಿಹಾರ ಕೇಳಬಹುದೇ?

ಪ್ರಶ್ನೆ: ನನ್ನ ಅಕ್ಕನಿಗೆ 44 ವರ್ಷ. ಹಾವೇರಿಯಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾಳೆ. 2024ರ ಮೇ ತಿಂಗಳಲ್ಲಿ ಸ್ತನದಲ್ಲಿ ಗಡ್ಡೆ ಕೈಗೆ ಸಿಕ್ಕಿತು. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಅಲ್ಟ್ರಾಸೌಂಡ್ ರಿಪೋರ್ಟಿನಲ್ಲಿ ‘1.8 ಸೆಂ.ಮೀ., ಬೈ-ರ‍್ಯಾಡ್ಸ್ 4ಎ, ಕಂಕುಳಲ್ಲಿ ಗಂಟುಗಳಿಲ್ಲ’ ಎಂದಿತ್ತು. ಡಾಕ್ಟರು ‘ಫೈಬ್ರೋಅಡಿನೋಮ (ಕ್ಯಾನ್ಸರ್ ಅಲ್ಲದ ಗಡ್ಡೆ), ಹೆದರಬೇಡಿ’ ಎಂದು ನೋವಿನ ಮಾತ್ರೆ, ವಿಟಮಿನ್ ಇ ಬರೆದುಕೊಟ್ಟರು. ಆಗಸ್ಟಿನಲ್ಲಿ ಮತ್ತೆ ಹೋದಾಗಲೂ ಅದೇ ಮಾತು. 2025ರ ಏಪ್ರಿಲ್‌ನಲ್ಲಿ ಕಂಕುಳಲ್ಲೂ ಗಂಟು ಕಂಡು ಬೆಂಗಳೂರಿಗೆ ಹೋದರೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಬಂತು. ಗಡ್ಡೆ 5.4 ಸೆಂ.ಮೀ., ಮೂರನೇ ಹಂತ. ಕೀಮೋ, ಸ್ತನ ಪೂರ್ತಿ ತೆಗೆಯುವ ಆಪರೇಷನ್, ರೇಡಿಯೇಶನ್ ಎಲ್ಲ ಆಯಿತು. ಈಗ ಆ ಕಡೆಯ ತೋಳು ಊದಿಕೊಂಡು ಮೆಷಿನ್ ಮೇಲೆ ಕೂರಲು ಆಗುತ್ತಿಲ್ಲ. ಹಳೆಯ ಆಸ್ಪತ್ರೆಯವರನ್ನು ಕೇಳಿದರೆ ‘ಕ್ಯಾನ್ಸರ್ ನಾವು ತಂದದ್ದಲ್ಲವಲ್ಲ’ ಎನ್ನುತ್ತಾರೆ. ಕೇಸು ಹಾಕಬಹುದೇ? ಎಲ್ಲಿ, ಎಷ್ಟು ದಿನದೊಳಗೆ? ನಮ್ಮ ಹತ್ತಿರ ಇರುವುದು ಎರಡು ಸಾಲಿನ ಓಪಿಡಿ ಚೀಟಿ ಮತ್ತು ಸ್ಕ್ಯಾನ್ ರಿಪೋರ್ಟು ಮಾತ್ರ.

ಉತ್ತರ: ಕೇಸು ಹಾಕಬಹುದು. ನಿಮ್ಮ ಕೈಯಲ್ಲಿರುವ ಎರಡು ಕಾಗದ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ತೂಕದವು. ಆದರೆ ಆಸ್ಪತ್ರೆಯವರ ಆ ಮಾತನ್ನು ಸಿಟ್ಟಿನಲ್ಲಿ ತಳ್ಳಿಹಾಕಬೇಡಿ. ಮುಂದೆ ಗ್ರಾಹಕ ಆಯೋಗದ ಎದುರು ಅವರ ಮುಖ್ಯ ವಾದ ಅದೇ ಆಗಿರುತ್ತದೆ, ಅದರಲ್ಲಿ ಅರ್ಧ ಸತ್ಯವೂ ಇದೆ. ಕ್ಯಾನ್ಸರ್‌ಗೆ ಅವರು ಹೊಣೆಯಲ್ಲ. ಹನ್ನೊಂದು ತಿಂಗಳಲ್ಲಿ ನಿಮ್ಮ ಅಕ್ಕ ಕಳೆದುಕೊಂಡದ್ದಕ್ಕೆ ಹೊಣೆ. ತಡವಾದ ಪತ್ತೆಯ ಪ್ರಕರಣ ನಿಲ್ಲುವುದೂ ಬೀಳುವುದೂ ಆ ವ್ಯತ್ಯಾಸವನ್ನು ಎಷ್ಟು ಖಚಿತವಾಗಿ ತೋರಿಸುತ್ತೀರಿ ಎಂಬುದರ ಮೇಲೆ. ದೂರಿನ ಹತ್ತು ಪುಟಗಳಲ್ಲಿ ಒಂಬತ್ತನ್ನು ಡಾಕ್ಟರ ತಪ್ಪಿಗೆ ಮೀಸಲಿಟ್ಟು, ಆ ತಪ್ಪಿನಿಂದ ಆದದ್ದೇನು ಎಂಬುದಕ್ಕೆ ನಾಲ್ಕು ಸಾಲು ಬರೆದ ಎಷ್ಟೋ ದೂರುಗಳು ಬಿದ್ದುಹೋಗುವುದು ಇಲ್ಲೇ.

ಮೊದಲು ತಪ್ಪಿನ ವಿಷಯ. ರೋಗ ಗುರುತಿಸುವಲ್ಲಿ ಎಡವಿದ್ದೆಲ್ಲ ಕಾನೂನಿನ ಕಣ್ಣಿಗೆ ನಿರ್ಲಕ್ಷ್ಯವಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಅದೇ ವಿದ್ಯೆಯ ಒಬ್ಬ ಸಾಮಾನ್ಯ, ಜವಾಬ್ದಾರಿಯುತ ವೈದ್ಯರು ಆ ಸನ್ನಿವೇಶದಲ್ಲಿ ಮಾಡುತ್ತಿದ್ದುದನ್ನು ಇವರು ಮಾಡಿದರೇ ಎಂಬುದು ಅಳತೆಗೋಲು. ಎಲ್ಲ ಪರೀಕ್ಷೆ ಮಾಡಿಸಿ, ಸೂಜಿ ಹಾಕಿ ತುಣುಕು ತೆಗೆದು, ಅದರಲ್ಲೂ ಕ್ಯಾನ್ಸರ್ ಕಾಣದೆ ಹೋಗಿದ್ದರೆ ಅದು ದುರದೃಷ್ಟ, ನಿರ್ಲಕ್ಷ್ಯವಲ್ಲ. ಮಾಡಲೇಬೇಕಾದ ಪರೀಕ್ಷೆಯನ್ನೇ ಮಾಡಿಸದೆ ‘ಏನೂ ಇಲ್ಲ’ ಎಂದಿದ್ದರೆ ಅದು ಬೇರೆ ಮಾತು.

ನಿಮ್ಮ ಪ್ರಕರಣದ ಜೀವಾಳ ‘4ಎ’ ಎಂಬ ಎರಡು ಅಕ್ಷರ. ಬೈ-ರ‍್ಯಾಡ್ಸ್ ಎನ್ನುವುದು ಸ್ತನದ ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್‌ಗಳು ಎಲ್ಲ ಕಡೆ ಬಳಸುವ ಶ್ರೇಣಿ. 1 ಮತ್ತು 2 ಎಂದರೆ ಚಿಂತೆಯಿಲ್ಲ. 3 ಎಂದರೆ ಬಹುತೇಕ ನಿರಪಾಯ. ಕ್ಯಾನ್ಸರ್ ಇರುವ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚಿಲ್ಲ, ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿ ನೋಡುವುದು. 4 ಎಂದರೆ ಸಂಶಯ, ತುಣುಕು ತೆಗೆದು ನೋಡಬೇಕು. ಅದರೊಳಗೆ 4ಎ ಶೇ. 2ರಿಂದ 10, 4ಬಿ ಶೇ. 10ರಿಂದ 50, 4ಸಿ ಶೇ. 50ರಿಂದ 95. 5 ಎಂದರೆ ಶೇ. 95ಕ್ಕೂ ಮೇಲೆ. ‘4ಎ ಬಂದ ಹತ್ತರಲ್ಲಿ ಒಂಬತ್ತು ಗಡ್ಡೆ ಕ್ಯಾನ್ಸರ್ ಆಗಿರುವುದಿಲ್ಲ, ಹಾಗಾಗಿ ಫೈಬ್ರೋಅಡಿನೋಮ ಎಂದದ್ದು ಸಹಜ’ ಎಂದು ಎದುರಿನ ವಕೀಲರು ಹೇಳುತ್ತಾರೆ. ಅಂಕಿ ಸರಿ, ತೀರ್ಮಾನ ತಪ್ಪು. ಕಾದು ನೋಡಬಹುದಾದ ಗಡ್ಡೆಗೆ 3 ಎಂಬ ಶ್ರೇಣಿ ಪ್ರತ್ಯೇಕವಾಗಿಯೇ ಇದೆ. ರೇಡಿಯಾಲಜಿಸ್ಟ್ ಅದನ್ನು ಕೊಡದೆ 4ಎ ಕೊಟ್ಟರು ಎಂದರೆ ಮುಂದಿನ ಹೆಜ್ಜೆ ಸೂಜಿ ಬಯಾಪ್ಸಿ. ಕೈಯಿಂದ ಪರೀಕ್ಷೆ, ಸ್ಕ್ಯಾನ್, ತುಣುಕು ಪರೀಕ್ಷೆ ಈ ಮೂರೂ ಹೊಂದಿಕೆಯಾದರೆ ಮಾತ್ರ ಸ್ತನದ ಗಡ್ಡೆಯನ್ನು ನಿರಪಾಯ ಎನ್ನಬೇಕೆಂಬುದು ಸರ್ಜರಿ ಓದುವ ವಿದ್ಯಾರ್ಥಿಗೂ ಕಲಿಸುವ ಪಾಠ. ಇನ್ನೂ ಒಂದು ಅಂಶವಿದೆ. 40 ದಾಟಿದ ಹೆಂಗಸಿನಲ್ಲಿ ಹೊಸದಾಗಿ ಕಾಣಿಸಿಕೊಂಡ ಗಡ್ಡೆಯನ್ನು ಹರೆಯದವರಲ್ಲೇ ಹೆಚ್ಚಾಗಿ ಬರುವ ಫೈಬ್ರೋಅಡಿನೋಮ ಎಂದು ಕೈ ಮುಟ್ಟಿ ಹೇಳಿಬಿಡುವಂತಿಲ್ಲ. ಮ್ಯಾಮೊಗ್ರಾಂ ಕೂಡ ಮಾಡಿಸಿಲ್ಲವೆಂದರೆ ಅದನ್ನೂ ದೂರಿನಲ್ಲಿ ಬರೆಯಿರಿ.

ಆಗಸ್ಟಿನ ಭೇಟಿ ಮೇ ಭೇಟಿಗಿಂತ ಗಟ್ಟಿ ಸಾಕ್ಷಿ ಎಂದು ನನ್ನ ಅಭಿಪ್ರಾಯ. ಮೊದಲ ಸಲ ತಪ್ಪಿದ್ದನ್ನು ತಿದ್ದಿಕೊಳ್ಳಲು ಸಿಕ್ಕ ಅವಕಾಶ ಅದು. ಅಂದು ಗಡ್ಡೆಯನ್ನು ಮತ್ತೆ ಅಳೆದರೇ? ಸ್ಕ್ಯಾನ್ ಮಾಡಿಸಿದರೇ? ಚೀಟಿಯಲ್ಲಿ ಅಳತೆಯೇ ಇಲ್ಲದಿದ್ದರೆ ಆ ಖಾಲಿ ಜಾಗವೂ ಮಾತಾಡುತ್ತದೆ.

ಈಗ ಕಾಗದಗಳಿಗೆ ಬರೋಣ. ಇಲ್ಲಿ ಕ್ರಮ ಮುಖ್ಯ: ಮೊದಲು ದಾಖಲೆ, ಆಮೇಲೆ ನೋಟಿಸು. ವಕೀಲರ ನೋಟಿಸು ತಲುಪಿದ ಮೇಲೆ ದಾಖಲೆ ಕೇಳಿದರೆ ‘ಹುಡುಕುತ್ತಿದ್ದೇವೆ’ ಎಂಬ ಉತ್ತರವೇ ಹೆಚ್ಚು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಗಳ ಪ್ರಕಾರ ರೋಗಿ ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2023ರಲ್ಲಿ ಬಂದ ಹೊಸ ನಿಯಮಗಳನ್ನು ಕೆಲವೇ ದಿನಗಳಲ್ಲಿ ತಡೆಹಿಡಿದದ್ದರಿಂದ 2002ರ ನಿಯಮಗಳೇ ನಡೆಯುತ್ತಿವೆ. ಆದರೆ ಅವುಗಳಲ್ಲಿ ಮೂರು ವರ್ಷ ಕಾಯ್ದಿಡಬೇಕೆಂಬ ಮಾತು ಇರುವುದು ಒಳರೋಗಿಗಳ ದಾಖಲೆಗೆ. ಹೊರರೋಗಿಯಾಗಿ ತೋರಿಸಿಕೊಂಡವರ ಚೀಟಿ ಸಾಮಾನ್ಯವಾಗಿ ರೋಗಿಯ ಕೈಯಲ್ಲೇ ಹೋಗುತ್ತದೆ, ಆಸ್ಪತ್ರೆಯಲ್ಲಿ ಉಳಿಯುವುದು ರಿಜಿಸ್ಟರಿನ ಒಂದು ಸಾಲು. ಆದ್ದರಿಂದ ನಿಮ್ಮ ಮನೆಯಲ್ಲಿರುವ ಆ ಎರಡು ಸಾಲಿನ ಚೀಟಿ ಬಹುಶಃ ಜಗತ್ತಿನಲ್ಲಿರುವ ಒಂದೇ ಪ್ರತಿ.

ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ, ಅದರ ಮೇಲೆ ಏನನ್ನೂ ಬರೆಯಬೇಡಿ, ಗುರುತು ಹಾಕಬೇಡಿ. ಎರಡೂ ಬದಿ ಸ್ಕ್ಯಾನ್ ಮಾಡಿಸಿ ಮೂಲವನ್ನು ಬೇರೆ ಕವರಿನಲ್ಲಿಡಿ. ಬಿಲ್ಲುಗಳು ಥರ್ಮಲ್ ಕಾಗದದ್ದಾಗಿದ್ದರೆ ವರ್ಷದೊಳಗೆ ಅಕ್ಷರ ಮಾಸಿಹೋಗಬಹುದು, ಇಂದೇ ಜೆರಾಕ್ಸ್ ತೆಗೆಸಿ. ಚೀಟಿಯಲ್ಲಿ ದಿನಾಂಕ ಅಸ್ಪಷ್ಟವಾಗಿದ್ದರೆ ಅದೇ ದಿನದ ಔಷಧದ ಬಿಲ್ಲು, ಫೋನ್ ಪೇ ಅಥವಾ ಗೂಗಲ್ ಪೇ ಪಾವತಿ, ಬ್ಯಾಂಕ್ ಪಾಸ್‌ಬುಕ್ಕಿನ ನಮೂದು ಸಾಕ್ಷಿಗೆ ಬರುತ್ತವೆ. ಡಾಕ್ಟರಿಗೆ ವಾಟ್ಸಾಪಿನಲ್ಲಿ ರಿಪೋರ್ಟು ಕಳಿಸಿದ್ದರೆ ಆ ಮೊಬೈಲನ್ನು ಬದಲಿಸಬೇಡಿ. ಮೆಸೇಜುಗಳನ್ನು ಅಚ್ಚು ಹಾಕಿಸಿ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದೊಂದಿಗೆ ಹಾಜರುಪಡಿಸಬೇಕಾಗುತ್ತದೆ.

ಹುಬ್ಬಳ್ಳಿ ಆಸ್ಪತ್ರೆಗೆ ನಿಮ್ಮ ಅಕ್ಕನ ಸಹಿಯಲ್ಲಿ ಒಂದು ಪತ್ರ ಬರೆಯಿರಿ. ಜಗಳದ ಧಾಟಿ ಬೇಡ. ‘ಮುಂದಿನ ಚಿಕಿತ್ಸೆಗೆ ಬೇಕಾಗಿದೆ’ ಎಂದರೆ ಸಾಕು, ಅದು ಸುಳ್ಳೂ ಅಲ್ಲ. ಎರಡೂ ದಿನಾಂಕ ಮತ್ತು ಓಪಿಡಿ ಸಂಖ್ಯೆ ಬರೆದು ಇಷ್ಟನ್ನು ಕೇಳಿ: ಓಪಿಡಿ ನೋಂದಣಿಯ ಪ್ರತಿ, ಅಲ್ಟ್ರಾಸೌಂಡ್‌ಗೆ ಡಾಕ್ಟರು ಬರೆದ ಕೋರಿಕೆ ಚೀಟಿ, ರಿಪೋರ್ಟಿನ ದೃಢೀಕೃತ ಪ್ರತಿ, ಸ್ಕ್ಯಾನ್ ಚಿತ್ರಗಳು ಡೈಕಾಮ್ ರೂಪದಲ್ಲಿ ಸಿಡಿ ಅಥವಾ ಪೆನ್‌ಡ್ರೈವಿನಲ್ಲಿ. ಕಾಗದದ ಮೇಲೆ ಅಚ್ಚಾದ ಚಿತ್ರದಿಂದ ಇನ್ನೊಬ್ಬ ರೇಡಿಯಾಲಜಿಸ್ಟ್ ಹೆಚ್ಚೇನೂ ಹೇಳಲಾರರು, ಡೈಕಾಮ್ ಫೈಲಿನಲ್ಲಿ ಮತ್ತೆ ಅಳೆಯಬಹುದು. ಪತ್ರವನ್ನು ಖುದ್ದಾಗಿ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ತಲುಪಿದ ದಾಖಲೆ ಇಟ್ಟುಕೊಳ್ಳಿ. ಕೊಡದೆ ಹೋದರೆ ಅದೂ ನಿಮ್ಮ ಪರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬೇಕೆಂದೇ ಮಾಹಿತಿ ಮುಚ್ಚಿಡುವುದು ಸಹ ಸೇವಾ ನ್ಯೂನತೆ ಎಂದಿದೆ.

ಬೆಂಗಳೂರಿನ ಆಸ್ಪತ್ರೆಯಿಂದ ಕೇಸ್ ಶೀಟ್, ಡಿಸ್ಚಾರ್ಜ್ ಸಮ್ಮರಿ, ಕೀಮೋ ಚಾರ್ಟ್, ಟ್ಯೂಮರ್ ಬೋರ್ಡ್ (ಚಿಕಿತ್ಸೆ ತೀರ್ಮಾನಿಸುವ ವೈದ್ಯರ ತಂಡ) ಟಿಪ್ಪಣಿ ಜೊತೆಗೆ ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಬ್ಲಾಕ್ ಎಂದರೆ ನಿಮ್ಮ ಅಕ್ಕನ ಗಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿ, ಬದಿಯಲ್ಲಿ ಲ್ಯಾಬ್ ಸಂಖ್ಯೆ ಬರೆದ, ಬೆರಳಿನಷ್ಟಗಲದ ಪ್ಲಾಸ್ಟಿಕ್ ಚೌಕಟ್ಟು. ಆ ಸಂಖ್ಯೆ, ಸ್ಲೈಡಿನ ಮೇಲಿನ ಸಂಖ್ಯೆ, ರಿಪೋರ್ಟಿನ ಸಂಖ್ಯೆ ಮೂರೂ ಒಂದೇ ಎಂದು ಕೌಂಟರಿನಲ್ಲೇ ನೋಡಿಕೊಂಡು ಸಹಿ ಹಾಕಿ. ಬಿಸಿಲಿಗೆ ಇಟ್ಟರೆ ಮೇಣ ಕರಗುತ್ತದೆ, ಬಸ್ಸಿನ ಕಿಟಕಿ ಪಕ್ಕವೂ ಬೇಡ. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಕಡೆ ಇವನ್ನೇ ಮರುಪರಿಶೀಲನೆಗೆ ಕೊಡುವುದು. ಗಡ್ಡೆಯ ದರ್ಜೆ, ಗಡ್ಡೆ ಯಾವ ಬಗೆಯದೆಂದು ಹೇಳುವ ಈಆರ್, ಪಿಆರ್, ಹರ್-2 ಫಲಿತಾಂಶಗಳು ಏಕೆ ಬೇಕು ಎಂಬುದು ಮುಂದಿನ ಮಾತು.

ತಡವಾದದ್ದರಿಂದ ಆದದ್ದೇನು

ಇದೇ ಪ್ರಕರಣದ ಕಠಿಣ ಭಾಗ. ಇಲ್ಲಿ ಅಂದಾಜಿನ ಮಾತಿಗೆ ಬೆಲೆಯಿಲ್ಲ. ಒಂದು ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿ. ಎಡಗಡೆ: 2024ರ ಜೂನ್‌ನಲ್ಲೇ ಬಯಾಪ್ಸಿ ಆಗಿದ್ದರೆ ಸಿಗುತ್ತಿದ್ದ ಚಿಕಿತ್ಸೆ. ಬಲಗಡೆ: ನಿಜವಾಗಿ ನಡೆದದ್ದು. ಈ ಹಾಳೆಯನ್ನು ಒಬ್ಬ ಆಂಕಾಲಜಿಸ್ಟ್ (ಕ್ಯಾನ್ಸರ್ ತಜ್ಞ) ಎದುರು ಇಟ್ಟು ತುಂಬಿಸಬೇಕು.

1.8 ಸೆಂ.ಮೀ., ಕಂಕುಳಲ್ಲಿ ಗಂಟಿಲ್ಲ ಎಂದರೆ ಸ್ಕ್ಯಾನ್ ಲೆಕ್ಕದಲ್ಲಿ ಅದು ಒಂದನೇ ಹಂತ, ಗಡ್ಡೆಯ ಗಾತ್ರದ ಶ್ರೇಣಿಯಲ್ಲಿ 2 ಸೆಂ.ಮೀ. ವರೆಗೆ ಟಿ1. 5 ಸೆಂ.ಮೀ. ದಾಟಿದರೆ ಟಿ3, ಕಂಕುಳ ಗಂಟಿಗೂ ಹರಡಿದಾಗ ಮೂರನೇ ಹಂತ. ಒಂದನೇ ಹಂತದಲ್ಲಿ ಸಾಮಾನ್ಯವಾಗಿ ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಶನ್ ಕೊಟ್ಟು ಸ್ತನ ಉಳಿಸಬಹುದಿತ್ತು. ಕಂಕುಳಲ್ಲಿ ಕ್ಯಾನ್ಸರ್ ಮೊದಲು ತಲುಪುವ ಒಂದೆರಡು ಕಾವಲು ಗಂಟುಗಳನ್ನು ತೆಗೆದು ಪರೀಕ್ಷಿಸಿದರೆ ಸಾಕಾಗುತ್ತಿತ್ತು. ಹರಡಿದ ಮೇಲೆ ಕಂಕುಳ ಗಂಟುಗಳನ್ನೆಲ್ಲ ತೆಗೆಯಬೇಕಾಗುತ್ತದೆ, ಅದರ ಮೇಲೆ ರೇಡಿಯೇಶನ್ ಬೀಳುತ್ತದೆ. ತೋಳಿನಿಂದ ದುಗ್ಧರಸ ಹರಿದು ಬರುವ ದಾರಿಯೇ ಕಟ್ಟಿಹೋಗುವುದರಿಂದ ತೋಳು ಊದುತ್ತದೆ. ಅಂದರೆ ನಿಮ್ಮ ಅಕ್ಕ ಇಂದು ಹೊಲಿಗೆ ಮೆಷಿನ್ ಮುಂದೆ ಕೂತು ಬಟ್ಟೆ ಸರಿಸಲಾಗದೆ ಇರುವುದಕ್ಕೂ, ಮೇ ತಿಂಗಳಲ್ಲಿ ಬರೆಯದೆ ಬಿಟ್ಟ ಒಂದು ಬಯಾಪ್ಸಿಗೂ ನೇರ ಕೊಂಡಿ ಇದೆ. ನಿಮ್ಮ ದೂರಿನ ಅತ್ಯಂತ ಬಲವಾದ ಪ್ಯಾರಾ ಇದೇ ಆಗಬೇಕು. ತೋಳಿನ ಸುತ್ತಳತೆಯನ್ನು ಮೊಣಕೈಯ ಮೇಲೆ ಕೆಳಗೆ ನಿಗದಿತ ದೂರದಲ್ಲಿ ಎರಡೂ ಕಡೆ ಅಳೆದು ಫಿಸಿಯೋಥೆರಪಿಸ್ಟ್ ಬರೆದುಕೊಟ್ಟ ಟಿಪ್ಪಣಿ ಇರಲಿ. ‘ತೋಳು ಊದಿದೆ’ ಎಂಬ ಮಾತಿಗಿಂತ ಎಡಕ್ಕೂ ಬಲಕ್ಕೂ ಎಷ್ಟು ಸೆಂ.ಮೀ. ವ್ಯತ್ಯಾಸ ಎಂಬ ಅಂಕಿ ಹೆಚ್ಚು ನಿಲ್ಲುತ್ತದೆ.

ಕೀಮೋ ವಿಷಯದಲ್ಲಿ ಪ್ರಾಮಾಣಿಕವಾಗಿರಿ. ಗಡ್ಡೆ ಹಾರ್ಮೋನ್‌ಗೆ ಸ್ಪಂದಿಸುವ ಬಗೆಯದಾಗಿದ್ದರೆ ಒಂದನೇ ಹಂತದಲ್ಲಿ ಕೀಮೋ ತಪ್ಪುವ ಅವಕಾಶ ಇರುತ್ತಿತ್ತು. ಟ್ರಿಪಲ್ ನೆಗೆಟಿವ್ (ಈಆರ್, ಪಿಆರ್, ಹರ್-2 ಮೂರೂ ಇಲ್ಲದ್ದು) ಅಥವಾ ಹರ್-2 ಪಾಸಿಟಿವ್ ಆಗಿದ್ದರೆ 1.8 ಸೆಂ.ಮೀ. ಗಡ್ಡೆಗೂ ಸಾಮಾನ್ಯವಾಗಿ ಕೀಮೋ ಕೊಡುತ್ತಾರೆ. ಆಗ ಕೀಮೋ ಖರ್ಚನ್ನು ಪೂರ್ತಿ ಕೇಳಿದರೆ ನಿಮ್ಮ ಉಳಿದ ಬೇಡಿಕೆಗಳ ಮೇಲಿನ ನಂಬಿಕೆಯೂ ಕುಂದುತ್ತದೆ. ಆಸ್ಪತ್ರೆಯ ಬಿಲ್ಲುಗಳನ್ನೆಲ್ಲ ಕೂಡಿ ಒಂದೇ ಮೊತ್ತ ಬರೆಯುವುದು ತುಂಬಾ ಸಾಮಾನ್ಯವಾದ ತಪ್ಪು. ಬೇಗ ಪತ್ತೆಯಾಗಿದ್ದರೂ ಒಂದು ಆಪರೇಷನ್, ರೇಡಿಯೇಶನ್ ಇದ್ದೇ ಇರುತ್ತಿತ್ತು. ನೀವು ಕೇಳಬೇಕಾದದ್ದು ಹೆಚ್ಚಾದ ಖರ್ಚು, ಎಡಭಾಗವನ್ನು ಬಲಭಾಗದಿಂದ ಕಳೆದು ಉಳಿದದ್ದು.

ಬದುಕುಳಿಯುವ ಸಾಧ್ಯತೆ ಕುಗ್ಗಿದ್ದಕ್ಕೆ ಪರಿಹಾರ ಕೇಳುವುದು ಇನ್ನೂ ಸೂಕ್ಷ್ಮ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಎದುರು 2005ರಲ್ಲಿ ಗ್ರೆಗ್ ವಿರುದ್ಧ ಸ್ಕಾಟ್ ಎಂಬ ಪ್ರಕರಣ ತೀರ್ಮಾನವಾಯಿತು. ಕಂಕುಳ ಗಂಟನ್ನು ಕೊಬ್ಬಿನ ಗಂಟೆಂದು ವೈದ್ಯರು ಬಿಟ್ಟಿದ್ದರಿಂದ ಲಿಂಫೋಮಾ ಎಂಬ ಕ್ಯಾನ್ಸರ್ ಪತ್ತೆ ತಡವಾಗಿ, ಗುಣವಾಗುವ ಸಾಧ್ಯತೆ ಶೇ. 42ರಿಂದ 25ಕ್ಕೆ ಇಳಿದಿತ್ತು. ವೈದ್ಯರ ತಪ್ಪು ಸಾಬೀತಾದರೂ, ಮೊದಲೂ ಸಾಧ್ಯತೆ ಅರ್ಧಕ್ಕಿಂತ ಕಡಿಮೆಯೇ ಇತ್ತೆಂದು ಮೂವರು ನ್ಯಾಯಮೂರ್ತಿಗಳು ಪರಿಹಾರ ನಿರಾಕರಿಸಿದರು, ಇಬ್ಬರು ಕೊಡಬೇಕೆಂದರು. ನಮ್ಮ ಗ್ರಾಹಕ ಆಯೋಗಗಳು ಈ ಗಣಿತಕ್ಕೆ ಕಟ್ಟುಬಿದ್ದಿಲ್ಲ, ಎಲ್ಲವನ್ನೂ ನೋಡಿ ಒಟ್ಟಾರೆ ಮೊತ್ತವೊಂದನ್ನು ಕೊಡುವುದೇ ಹೆಚ್ಚು. ಆದರೂ ಎದುರಿನವರು ಇದೇ ತರ್ಕ ತರುತ್ತಾರೆ. ನಿಮ್ಮ ಪ್ರಕರಣದಲ್ಲಿ ಒಂದನೇ ಹಂತದಲ್ಲಿದ್ದಾಗ ಗುಣವಾಗುವ ಸಾಧ್ಯತೆ ಅರ್ಧಕ್ಕಿಂತ ಬಹಳ ಮೇಲಿತ್ತು ಎಂಬುದೇ ನಿಮ್ಮ ಬಲ. ಆಂಕಾಲಜಿಸ್ಟ್ ಅಭಿಪ್ರಾಯದಲ್ಲಿ ಆ ಮಾತು ಬರೆದಿರಲೇಬೇಕು.

ತಜ್ಞರ ಅಭಿಪ್ರಾಯ ಪ್ರತಿ ಪ್ರಕರಣಕ್ಕೂ ಕಡ್ಡಾಯವಲ್ಲ. 2010ರ ವಿ. ಕಿಶನ್ ರಾವ್ ತೀರ್ಪಿನಲ್ಲಿ ಮಲೇರಿಯಾ ಇದ್ದವರಿಗೆ ಟೈಫಾಯ್ಡ್ ಔಷಧ ಕೊಟ್ಟ ಆಸ್ಪತ್ರೆಯ ವಿರುದ್ಧ ಸುಪ್ರೀಂ ಕೋರ್ಟ್ ಹೀಗೆಯೇ ಹೇಳಿ ಜಿಲ್ಲಾ ಗ್ರಾಹಕ ವೇದಿಕೆಯ 2 ಲಕ್ಷ ರೂಪಾಯಿಯ ಆದೇಶವನ್ನು ಎತ್ತಿಹಿಡಿಯಿತು. ನಿಮ್ಮಲ್ಲಿ ‘4ಎ ಇದ್ದೂ ಬಯಾಪ್ಸಿ ಇಲ್ಲ’ ಎಂಬ ಭಾಗ ತಜ್ಞರಿಲ್ಲದೆಯೂ ಅರ್ಥವಾಗುವಂಥದ್ದು. ವ್ಯತ್ಯಾಸದ ಭಾಗ ಅಲ್ಲ, ಅದಕ್ಕೆ ತಜ್ಞರ ಪ್ರಮಾಣಪತ್ರ ಬೇಕೇ ಬೇಕು. ಊರಿನ ಡಾಕ್ಟರು ಇನ್ನೊಬ್ಬ ಡಾಕ್ಟರ ವಿರುದ್ಧ ಬರೆದುಕೊಡಲು ಹಿಂಜರಿಯುತ್ತಾರೆ. ಹಾಗಾಗಿ ‘ಇದು ನಿರ್ಲಕ್ಷ್ಯವೇ?’ ಎಂದು ಕೇಳಬೇಡಿ. ‘ಇಂಥ ರಿಪೋರ್ಟು ಬಂದರೆ ಮುಂದಿನ ಪರೀಕ್ಷೆ ಯಾವುದು? ಎಷ್ಟು ದಿನದೊಳಗೆ? ಆಗ ಪತ್ತೆಯಾಗಿದ್ದರೆ ಚಿಕಿತ್ಸೆ ಏನಿರುತ್ತಿತ್ತು?’ ಎಂದು ಕೇಳಿ. ಇವು ವೈದ್ಯಕೀಯ ಪ್ರಶ್ನೆಗಳು, ಉತ್ತರಿಸಲು ಯಾರಿಗೂ ಮುಜುಗರವಿಲ್ಲ. ಆಯೋಗವೇ ಸರ್ಕಾರಿ ವೈದ್ಯಕೀಯ ಮಂಡಳಿಯ ಅಭಿಪ್ರಾಯ ಕೇಳುವುದಾದರೂ ಇದೇ ಪ್ರಶ್ನೆಗಳನ್ನು ಕಳಿಸುವಂತೆ ಅರ್ಜಿ ಹಾಕಿ. ಚಿಕಿತ್ಸಾ ಮಾರ್ಗಸೂಚಿಗಳನ್ನೂ ಲಗತ್ತಿಸಿ. 2019ರಲ್ಲಿ ಭೋಪಾಲಿನ ಡೆಂಗ್ಯೂ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯನ್ನೇ ಅಳತೆಗೋಲಾಗಿ ಹಿಡಿದು 15 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಕ್ಯಾನ್ಸರ್‌ಗೆ ಐಸಿಎಂಆರ್ ಮತ್ತು ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ಮಾರ್ಗಸೂಚಿಗಳಿವೆ.

ಕಾಲಮಿತಿ

ಗ್ರಾಹಕ ಕಾಯ್ದೆಯ 69ನೇ ಕಲಂ ಪ್ರಕಾರ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಆ ದಿನ ಯಾವುದು? ನೀವು 2025ರ ಏಪ್ರಿಲ್ ಎನ್ನುತ್ತೀರಿ, ಅವರು 2024ರ ಮೇ ಎನ್ನುತ್ತಾರೆ. 2010ರ ಶ್ರೀಖಂಡೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಹಾನಿ ಕೂಡಲೇ ಕಣ್ಣಿಗೆ ಬೀಳುವಂಥದ್ದಾದರೆ ಆ ದಿನದಿಂದ; ಒಳಗೇ ಅಡಗಿದ್ದರೆ ಗೊತ್ತಾದ ದಿನದಿಂದ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ. ಆ ಪ್ರಕರಣದಲ್ಲಿ ಹೊಟ್ಟೆಯಲ್ಲಿ ಗಾಜ್ ಬಟ್ಟೆ ಉಳಿದಿತ್ತು. ವರ್ಷಗಟ್ಟಲೆ ನೋವಿದ್ದರೂ ನರ್ಸ್ ಆಗಿದ್ದ ರೋಗಿ ಪರೀಕ್ಷಿಸಿಕೊಳ್ಳಲಿಲ್ಲ ಎಂದು ಅವರ ದೂರು ಬಿದ್ದುಹೋಯಿತು. ಕ್ಯಾನ್ಸರ್ ಅಡಗಿದ ಹಾನಿಯೇ, ಏಪ್ರಿಲ್ ವಾದ ನಿಲ್ಲುವಂಥದ್ದು. ಆದರೆ ಗಡ್ಡೆ ಬೆಳೆದದ್ದು ಡಿಸೆಂಬರಿನಲ್ಲೇ ಕಂಡಿತ್ತು ಎಂದು ಎಲ್ಲಾದರೂ ದಾಖಲಾಗಿದ್ದರೆ ಅವರು ಅದನ್ನು ಹಿಡಿಯುತ್ತಾರೆ. ಬೆಂಗಳೂರಿನ ಕೇಸ್ ಶೀಟಿನ ಮೊದಲ ಪುಟದಲ್ಲಿ ‘ಎಷ್ಟು ದಿನದಿಂದ’ ಎಂಬ ಜಾಗದಲ್ಲಿ ಏನು ಬರೆದಿದ್ದಾರೆ ನೋಡಿ. ವಾದಕ್ಕೆ ಎಡೆಯೇ ಇಲ್ಲದಂತೆ 2024ರ ಮೇ ಭೇಟಿಯಿಂದ ಎರಡು ವರ್ಷದೊಳಗೆ ದಾಖಲಿಸುವುದು ಕ್ಷೇಮ. ಆ ದಿನ ದಾಟಿದ್ದರೆ ದೂರಿನ ಜೊತೆಗೇ ವಿಳಂಬ ಮನ್ನಾ ಅರ್ಜಿ ಹಾಕಿ, ಕೀಮೋ ಮತ್ತು ಆಪರೇಷನ್ ದಿನಾಂಕಗಳನ್ನು ಕಾರಣವಾಗಿ ತೋರಿಸಿ. ವಕೀಲರ ನೋಟಿಸು ಕೊಟ್ಟರೆ, ವೈದ್ಯಕೀಯ ಪರಿಷತ್ತಿಗೆ ದೂರು ಕೊಟ್ಟರೆ, ಆಸ್ಪತ್ರೆಯವರು ‘ಮಾತಾಡೋಣ ಬನ್ನಿ’ ಎಂದರೆ ಗಡಿಯಾರ ನಿಲ್ಲುವುದಿಲ್ಲ. ಮಾತುಕತೆಯಲ್ಲೇ ಎರಡು ವರ್ಷ ಕಳೆದುಕೊಂಡ ಕುಟುಂಬಗಳು ಹಲವು.

ಎಲ್ಲಿ, ಹೇಗೆ

ಹಣ ಕೊಟ್ಟು ಪಡೆದ ಚಿಕಿತ್ಸೆ ‘ಸೇವೆ’ ಎಂದು 1995ರ ವಿ. ಪಿ. ಶಾಂತಾ ತೀರ್ಪಿನಲ್ಲೇ ಇತ್ಯರ್ಥವಾಗಿದೆ. ವಿಮೆಯವರು ಕೊಟ್ಟಿದ್ದರೂ ಅದೇ. ಎಲ್ಲರಿಗೂ ಪೂರ್ತಿ ಉಚಿತವಾಗಿ ನಡೆಯುವ ಆಸ್ಪತ್ರೆಯಾದರೆ ಮಾತ್ರ ಗ್ರಾಹಕ ಆಯೋಗದ ಬಾಗಿಲು ಮುಚ್ಚಿರುತ್ತದೆ, ಆಗ ಸಿವಿಲ್ ದಾವೆ. ಈಗಿನ ಕಾಯ್ದೆಯಲ್ಲಿ ಯಾವ ಆಯೋಗ ಎಂಬುದು ನೀವು ಕೇಳುವ ಪರಿಹಾರದ ಮೇಲೆ ಅಲ್ಲ, ಕೊಟ್ಟ ಶುಲ್ಕದ ಮೇಲೆ ನಿಂತಿದೆ. 50 ಲಕ್ಷ ರೂಪಾಯಿ ವರೆಗೆ ಜಿಲ್ಲಾ ಆಯೋಗ. ಹುಬ್ಬಳ್ಳಿಯಲ್ಲಿ ನೀವು ಕೊಟ್ಟದ್ದು ಕನ್ಸಲ್ಟೇಶನ್ ಮತ್ತು ಸ್ಕ್ಯಾನಿನ ಹಣ ಮಾತ್ರ, ಆದ್ದರಿಂದ 40 ಲಕ್ಷ ಕೇಳಿದರೂ ಜಿಲ್ಲಾ ಆಯೋಗವೇ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ದೂರುದಾರರು ವಾಸವಿರುವ ಊರಿನಲ್ಲೇ ಹಾಕಬಹುದು, ನಿಮ್ಮ ಅಕ್ಕ ಹುಬ್ಬಳ್ಳಿಗೆ ಅಲೆಯಬೇಕಿಲ್ಲ, ಹಾವೇರಿಯಲ್ಲೇ ಸಾಕು. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೂ ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ, ಆದರೆ ವೈದ್ಯಕೀಯ ಪ್ರಕರಣವನ್ನು ಒಬ್ಬರೇ ನಡೆಸಿ ಎಂದು ನಾನು ಹೇಳಲಾರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಎದುರುದಾರರಾಗಿ ಆಸ್ಪತ್ರೆ ಮತ್ತು ಡಾಕ್ಟರು ಇಬ್ಬರನ್ನೂ ಸೇರಿಸಿ. ಡಾಕ್ಟರು ‘ವಿಸಿಟಿಂಗ್’ ಎಂದು ಆಸ್ಪತ್ರೆ ಜಾರಿಕೊಳ್ಳುವಂತಿಲ್ಲ ಎಂಬುದಕ್ಕೆ 2004ರ ಸವಿತಾ ಗರ್ಗ್ ತೀರ್ಪು ಇದೆ. ರೇಡಿಯಾಲಜಿಸ್ಟನ್ನು ಸುಮ್ಮನೆ ಎಳೆಯಬೇಡಿ. ಅವರು ತಮ್ಮ ಕೆಲಸ ಸರಿಯಾಗಿ ಮಾಡಿದ್ದಾರೆ, ಅವರ ರಿಪೋರ್ಟೇ ನಿಮ್ಮ ಮುಖ್ಯ ಸಾಕ್ಷಿ.

ಆಯೋಗದ ನೋಟಿಸು ತಲುಪಿದ ಮೇಲೆ ಅವರು 30 ದಿನದೊಳಗೆ, ಹೆಚ್ಚೆಂದರೆ ಇನ್ನೂ 15 ದಿನದೊಳಗೆ ತಕರಾರು ಸಲ್ಲಿಸಬೇಕು. 45 ದಿನ ದಾಟಿದರೆ ಒಪ್ಪಿಕೊಳ್ಳುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ, ಆ ದಿನಾಂಕ ಬರೆದಿಟ್ಟುಕೊಳ್ಳಿ. ತಕರಾರಿನಲ್ಲಿ ಎರಡು ಮಾತು ಖಂಡಿತ ಬರುತ್ತವೆ. ‘ಬಯಾಪ್ಸಿ ಮಾಡಿಸಿ ಎಂದು ಬಾಯಲ್ಲಿ ಹೇಳಿದ್ದೆವು, ಅವರೇ ಒಪ್ಪಲಿಲ್ಲ’ ಎಂಬುದು ಒಂದು. ಚೀಟಿಯಲ್ಲಿ ಆ ಮಾತು ಇಲ್ಲ, ನಿರಾಕರಣೆಗೆ ಸಹಿ ಇಲ್ಲ, ಬದಲಿಗೆ ವಿಟಮಿನ್ ಇ ಇದೆ. ನಿಮ್ಮ ಉತ್ತರ ಅಷ್ಟೇ. ‘ರಿಪೋರ್ಟು ತೋರಿಸಲೇ ಇಲ್ಲ’ ಎಂಬುದು ಇನ್ನೊಂದು. ಸ್ಕ್ಯಾನಿನ ಸಮಯ, ಅದಾದ ಮೇಲೆ ಬರೆದ ಔಷಧದ ಬಿಲ್ಲಿನ ಸಮಯ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಪಾಟೀಸವಾಲು ಬಹುತೇಕ ಲಿಖಿತ ಪ್ರಶ್ನಾವಳಿಯ ಮೂಲಕವೇ ನಡೆಯುತ್ತದೆ. ‘4ಎ ಎಂದು ಓದಿದಿರಾ? ಬಯಾಪ್ಸಿ ಬೇಡವೆಂದು ಯಾವ ಆಧಾರದಲ್ಲಿ ತೀರ್ಮಾನಿಸಿದಿರಿ? ಆ ಆಧಾರ ಎಲ್ಲಿ ಬರೆದಿದೆ?’ ಎಂಬ ಮೂರು ಪ್ರಶ್ನೆ ಅದರಲ್ಲಿರಲಿ.

ಕಾಯ್ದೆ ಮೂರರಿಂದ ಐದು ತಿಂಗಳಲ್ಲಿ ಮುಗಿಸಿ ಎನ್ನುತ್ತದೆ. ನಿಜದಲ್ಲಿ ವರ್ಷಗಳೇ ಹಿಡಿಯುತ್ತವೆ. ಗೆದ್ದರೂ ಅವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆಗ ಆದೇಶದ ಅರ್ಧ ಹಣ ಠೇವಣಿ ಇಡಬೇಕು. 2013ರ ಕುನಾಲ್ ಸಾಹಾ ಪ್ರಕರಣದ ಸುಮಾರು 6 ಕೋಟಿಯ ಸುದ್ದಿ ನೋಡಿ ಮೊತ್ತ ಕಟ್ಟಬೇಡಿ. ಅವರ ಪತ್ನಿ ತೀರಿಕೊಂಡದ್ದು 1998ರಲ್ಲಿ, ಆ ದಾರಿ 15 ವರ್ಷದ್ದು, ಆದಾಯದ ಲೆಕ್ಕವೂ ಬೇರೆ. ನಿಮ್ಮಲ್ಲಿ ಹೆಚ್ಚಾದ ಚಿಕಿತ್ಸಾ ಖರ್ಚು, ಹಾವೇರಿಯಿಂದ ಬೆಂಗಳೂರಿನ ಪ್ರಯಾಣ ಮತ್ತು ವಸತಿ, ಜೊತೆಗಿದ್ದವರ ದುಡಿಮೆಯ ನಷ್ಟ, ಹೊಲಿಗೆಯ ಆದಾಯ, ಸ್ತನ ಕಳೆದುಕೊಂಡ ನೋವು, ತೋಳಿನ ಮುಂದಿನ ಆರೈಕೆ ಇವನ್ನು ಬೇರೆಬೇರೆಯಾಗಿ ಬರೆಯಿರಿ. ಹೊಲಿಗೆಗೆ ಪಗಾರದ ಚೀಟಿ ಇರುವುದಿಲ್ಲ. ಗಿರಾಕಿಗಳ ಅಳತೆ ಪುಸ್ತಕ, ಯುಪಿಐ ಜಮೆ, ಸ್ವಸಹಾಯ ಸಂಘದ ಸಾಲದ ಕಂತು ಕಟ್ಟಿದ ಪುಸ್ತಕ, ನಾಲ್ಕಾರು ಗಿರಾಕಿಗಳ ಪ್ರಮಾಣಪತ್ರ ಇದ್ದರೆ ಸಾಕು.

ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು. ಅಲ್ಲಿ ಹಣ ಸಿಗದು, ಆದರೆ ಅವರ ವಿಚಾರಣೆಯಲ್ಲಿ ತಪ್ಪು ಎಂದು ಬಂದರೆ ಆಯೋಗದಲ್ಲಿ ಬಲ. ಪೊಲೀಸ್ ಕೇಸಿನ ದಾರಿ ನಿಮಗೆ ಬೇಡ. ಕ್ರಿಮಿನಲ್ ಹೊಣೆಗೆ ತೀರಾ ಘೋರವಾದ ನಿರ್ಲಕ್ಷ್ಯ ಬೇಕು, ಅದಕ್ಕೂ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಬೇಕು, ತಡವಾದ ಪತ್ತೆ ಆ ಮಟ್ಟ ಮುಟ್ಟುವುದು ಅಪರೂಪ. ಡಾಕ್ಟರ ಹೆಸರು ಹಾಕಿ ಫೇಸ್‌ಬುಕ್ಕಿನಲ್ಲಿ ಬರೆಯುವುದಂತೂ ಬೇಡವೇ ಬೇಡ, ಮಾನಹಾನಿ ಕೇಸಿನಲ್ಲಿ ನೀವೇ ಆರೋಪಿಯಾಗಿ ನಿಲ್ಲಬೇಕಾದೀತು. ರಾಜಿಗೆ ಹಣ ಕೊಡುತ್ತೇವೆಂದರೆ ಕೇಳಬಹುದು, ತಪ್ಪಲ್ಲ. ಆದರೆ ‘ಪೂರ್ಣ ಮತ್ತು ಅಂತಿಮ’ ಎಂಬ ರಸೀದಿಗೆ ಸಹಿ ಹಾಕಿದರೆ ಅಲ್ಲಿಗೆ ಎಲ್ಲ ಮುಗಿಯಿತು, ವಕೀಲರಿಗೆ ತೋರಿಸದೆ ಪೆನ್ನು ಹಿಡಿಯಬೇಡಿ.

ಒಂದು ಮಾತು ಅಕ್ಕನವರಿಗೆ. ತೋಳಿನ ಊತಕ್ಕೆ ಬ್ಯಾಂಡೇಜ್, ಒತ್ತುವ ತೋಳುಚೀಲ, ವ್ಯಾಯಾಮ ತಡಮಾಡದೆ ಶುರುವಾದಷ್ಟೂ ಗುಣ ಹೆಚ್ಚು. ಆ ತೋಳಿಗೆ ಇಂಜೆಕ್ಷನ್, ಬಿಪಿ ಪಟ್ಟಿ ಆದಷ್ಟು ಬೇಡ. ಸೂಜಿ ಚುಚ್ಚಿ ಕೆಂಪಾಗಿ ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಕೇಸಿಗೆ ಸಾಕ್ಷಿ ಉಳಿಯಲಿ ಎಂದು ಯಾರಾದರೂ ಚಿಕಿತ್ಸೆ ಮುಂದೂಡಲು ಹೇಳಿದರೆ ಕೇಳಬೇಡಿ. ಇಂದಿನ ಸುತ್ತಳತೆ ಬರೆಸಿಟ್ಟು, ನಾಳೆಯೇ ಫಿಸಿಯೋಥೆರಪಿಗೆ ಕರೆದೊಯ್ಯಿರಿ. ಆ ಬಿಲ್ಲುಗಳನ್ನೂ ಅದೇ ಫೈಲಿಗೆ ಸೇರಿಸಿ.